ಮನೆಯೊಳಗೆ ಯೋಗ, ವ್ಯಾಯಾಮ: ಯಾವ ಸಾಮಾನು ಬೇಕು, ಯಾವುದು ದಂಡ

ಜೂನ್ 21ಕ್ಕೆ ಯೋಗ ದಿನ. ನಮ್ಮ ಕಾಸರಗೋಡಿನಲ್ಲಿ ಅಷ್ಟೊತ್ತಿಗೆ ಮಳೆ ಬಂದು ಸರಿಯಾಗಿ ಕೂತಿರುತ್ತದೆ. ಬೆಳಗ್ಗೆ ವಾಕಿಂಗ್ ಹೋಗುತ್ತಿದ್ದವರು ಕೊಡೆ ಬಿಡಿಸಿ ಗೇಟಿನವರೆಗೆ ಹೋಗಿ ವಾಪಸ್ ಬರುತ್ತಾರೆ. ಆಗ ಶುರುವಾಗುತ್ತದೆ ಮನೆಯೊಳಗೇ ಏನಾದರೂ ಮಾಡುವ ಯೋಚನೆ. ಅದರ ಬೆನ್ನಿಗೇ ಮೊಬೈಲಿನಲ್ಲಿ ಆರ್ಡರ್. ಮ್ಯಾಟ್, ಬ್ಲಾಕ್, ಬೆಲ್ಟ್, ಬಾಲ್, ಡಂಬೆಲ್ ಎಲ್ಲ ಒಂದೇ ಸೆಟ್ಟಿನಲ್ಲಿ ಸಿಗುತ್ತವೆ, ಮೇಲೆ ಆಫರ್ ಬೇರೆ. ಜುಲೈ-ಆಗಸ್ಟಿನ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಮ್ಯಾಟಿಗೆ ಬೂಷ್ಟು, ಡಂಬೆಲ್ಲಿಗೆ ತುಕ್ಕು, ಬಾಲ್ ಮಕ್ಕಳ ಪಾಲು.

ಸೆಟ್ಟು ಕೊಳ್ಳುವುದರಲ್ಲೇ ತೊಂದರೆ ಇದೆ ಅಂತ ನನ್ನ ಅಭಿಪ್ರಾಯ. ಸೆಟ್ಟು ಮಾಡಿದವನಿಗೆ ನಿಮ್ಮ ಮೈಯೂ ಗೊತ್ತಿಲ್ಲ, ನಮ್ಮ ಊರಿನ ಪಸೆಯೂ ಗೊತ್ತಿಲ್ಲ. ವರ್ಷಕ್ಕೆ ಹೆಚ್ಚುಕಮ್ಮಿ 3,500 ಮಿಲಿಮೀಟರ್ ಮಳೆ ಬೀಳುವ, ಉಳಿದ ದಿನಗಳಲ್ಲಿ ಕೂತಲ್ಲೇ ಬೆವರುವ ಜಾಗ ನಮ್ಮದು. ಹಾಗಾಗಿ ಮೊದಲು ಮೈ ನೋಡಿ, ಆಮೇಲೆ ಮನೆ ನೋಡಿ. ಅಂಗಡಿಗೆ ಹೋಗುವುದು ಕೊನೆಗೆ.

ಮೊದಲು ಮೈ ಎಲ್ಲಿ ತಡೆಯುತ್ತದೆ ನೋಡಿ

ಒಂದೆರಡು ವಾರ ಏನನ್ನೂ ಕೊಳ್ಳದೆ ಶುರು ಮಾಡಿ. ದಿನಕ್ಕೆ ಹತ್ತೇ ನಿಮಿಷವಾದರೂ ಪರವಾಗಿಲ್ಲ. ಒಂದು ಹಳೆ ನೋಟ್‌ಬುಕ್ ಇಟ್ಟುಕೊಂಡು ಎಲ್ಲಿ ತಡೆಯಿತು ಅಂತ ಬರೆಯಿರಿ. ನಿಮಗೆ ಬೇಕಾದ ಸಾಮಾನಿನ ಪಟ್ಟಿ ಅದರಲ್ಲೇ ಸಿಗುತ್ತದೆ.

ಚಕ್ಕಳಮಕ್ಕಳ ಹಾಕಿ ಕೂತುಕೊಳ್ಳಿ. ಮೊಣಕಾಲು ಸೊಂಟಕ್ಕಿಂತ ಮೇಲೆ ನಿಂತಿದೆಯಾ? ಎರಡು ನಿಮಿಷದಲ್ಲಿ ಬೆನ್ನು ಗೂನಾಯಿತಾ? ಹಾಗಾದರೆ ನಿಮಗೆ ಕೂರುವಲ್ಲಿ ಮೂರ್ನಾಲ್ಕು ಇಂಚು ಎತ್ತರ ಬೇಕು, ಅಂದರೆ ಮಡಚಿದ ಕಂಬಳಿ ಅಥವಾ ಊಟದ ಮಣೆ. ಕಾಲು ನೀಡಿ ಕೂತು ಮುಂದೆ ಬಾಗಿದಾಗ ಕೈ ಮೊಣಕಾಲಿನ ಹತ್ತಿರವೇ ನಿಂತುಬಿಟ್ಟರೆ ಪಾದಕ್ಕೆ ಸಿಕ್ಕಿಸಿ ಹಿಡಿಯುವ ಬೆಲ್ಟ್ ಉಪಯೋಗಕ್ಕೆ ಬರುತ್ತದೆ. ತ್ರಿಕೋನಾಸನದಲ್ಲಿ ಕೈಯನ್ನು ನೆಲಕ್ಕೆ ಮುಟ್ಟಿಸಲು ಹೋಗಿ ಎದೆ ಕೆಳಗೆ ಮಗುಚಿಕೊಂಡರೆ ಕೈ ಊರಲು ಇಟ್ಟಿಗೆ, ಅಂದರೆ ಬ್ಲಾಕ್ ಬೇಕು. ವಜ್ರಾಸನದಲ್ಲಿ ಪಾದದ ಗಂಟು ನೋಯುತ್ತದೆಯಾ? ಅಲ್ಲಿಗೆ ಸುರುಳಿ ಸುತ್ತಿದ ಬೈರಾಸು (ಟವೆಲ್) ಸಾಕು, ಅದಕ್ಕೆ ಯಾರೂ ದುಡ್ಡು ಕೊಡಬೇಕಾಗಿಲ್ಲ.

ಇನ್ನೆರಡು ಪರೀಕ್ಷೆ. ಗೋಡೆಯ ಪಕ್ಕ ನಿಂತು ಒಂದು ಕಾಲು ಎತ್ತಿ. ಹತ್ತು ಸೆಕೆಂಡಿನೊಳಗೆ ತೂಗಾಡಿದರೆ ಸದ್ಯಕ್ಕೆ ನಿಮಗೆ ಗೋಡೆಯೇ ಎಲ್ಲಕ್ಕಿಂತ ದೊಡ್ಡ ಆಸರೆ. ಆಮೇಲೆ ಒಂದು ಕುರ್ಚಿಯಲ್ಲಿ ಕೂತು, ಕೈ ಊರದೆ ಏಳಿ. ಏಳಲು ಕಷ್ಟವಾದರೆ ನಿಮಗೆ ಕಡಿಮೆ ಇರುವುದು ಕಾಲಿನ ಬಲ. ಬ್ಲಾಕ್, ಬೋಲ್ಸ್ಟರ್ ಎಂಬ ಉದ್ದ ದಿಂಬು ಎಷ್ಟು ಕೊಂಡರೂ ಅದು ಬರುವುದಿಲ್ಲ. ಅದೇ ಕುರ್ಚಿಯಲ್ಲಿ ಕೂತು ಏಳುವುದನ್ನು ದಿನಾ ಮಾಡಬೇಕು.

‘ತೋಟದಲ್ಲಿ ದುಡಿಯುವವರಿಗೆ ವ್ಯಾಯಾಮ ಬೇರೆ ಯಾಕೆ?’ ಅಂತ ಬದಿಯಡ್ಕ, ಪೆರ್ಲ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಅರ್ಧ ಸರಿ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಂಥ ಚಟುವಟಿಕೆ ಇರಲಿ, ಎರಡು ದಿನವಾದರೂ ಮಾಂಸಖಂಡಗಳಿಗೆ ಬಲ ಬರುವ ವ್ಯಾಯಾಮ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುಲ್ಲು ಹೆರೆದು, ಸೊಪ್ಪು ಹೊತ್ತು ತರುವವರಿಗೆ ಮೊದಲಿನದ್ದು ಸುಮ್ನೆ ದಕ್ಕುತ್ತದೆ. ಆದರೆ ಅಡಿಕೆ ಸುಲಿಯಲು ಕೂತವರನ್ನು ನೋಡಿ. ಗಂಟೆಗಟ್ಟಲೆ ಕುತ್ತಿಗೆ ಕೆಳಗೆ, ಬೆನ್ನು ಮುಂದಕ್ಕೆ, ಒಂದೇ ಕೈಯ ಕೆಲಸ. ಅಂಥವರಿಗೆ ಇನ್ನಷ್ಟು ಮುಂದೆ ಬಾಗುವ ಆಸನಕ್ಕಿಂತ ಎದೆ ಬಿಚ್ಚುವ, ಭುಜ ಹಿಂದಕ್ಕೆ ಹೋಗುವ ಚಲನೆ ಬೇಕು. ಅದಕ್ಕೆ ಒಂದು ಕೋಲು, ಒಂದು ಗೋಡೆ, ಬೆನ್ನ ಕೆಳಗೆ ಇಡಲು ಒಂದು ಕಂಬಳಿ ಸುರುಳಿ ಇದ್ದರೆ ಆಯಿತು.

ರಕ್ತದೊತ್ತಡ, ಕಣ್ಣಿನ ಗ್ಲಾಕೋಮಾ, ಡಿಸ್ಕ್ ತೊಂದರೆ ಇರುವವರು, ಗರ್ಭಿಣಿಯರು, ಆಪರೇಷನ್ ಆದವರು ಮೊದಲು ಡಾಕ್ಟರರನ್ನು ಕೇಳಿ. ಸೊಂಟದಿಂದ ಕಾಲಿಗೆ ಇಳಿಯುವ ನೋವು, ಜೋಮು ಇದ್ದರಂತೂ ಬೆಲ್ಟ್ ಹಾಕಿ ಎಳೆಯಲು ಹೋಗಲೇಬೇಡಿ.

ಮನೆಯಲ್ಲಿ ಜಾಗ ಎಲ್ಲಿದೆ?

ನೆಲದಲ್ಲಿ ಅಂಗಾತ ಮಲಗಿ, ಕೈ ತಲೆಯ ಮೇಲೆ ಚಾಚಿ, ಆಮೇಲೆ ಎರಡೂ ಕಡೆ ಅಗಲಿಸಿ. ಏನೂ ತಾಗಬಾರದು. ಎದ್ದು ನಿಂತು ಕೈ ಎತ್ತಿ. ಫ್ಯಾನ್ ಎಲ್ಲಿದೆ ನೋಡಿಕೊಳ್ಳಿ. ಹಳೆ ಮನೆಗಳಲ್ಲಿ ಅಟ್ಟದ ತೊಲೆಯೇ ಕೈಗೆ ಸಿಗುತ್ತದೆ. ಅಲ್ಲಿ ಸೂರ್ಯ ನಮಸ್ಕಾರ ಮಾಡಿದರೆ ಬೆರಳ ಗಂಟು ಒಡೆಯುವುದು ಗ್ಯಾರಂಟಿ. ಜೊತೆಗೆ ಮೂರಡಿ ಅಗಲದ ಖಾಲಿ ಗೋಡೆ ಬೇಕು. ಕ್ಯಾಲೆಂಡರ್, ಮೊಳೆ, ಸ್ವಿಚ್ ಯಾವುದೂ ಅಲ್ಲಿರಬಾರದು.

ಜಗಲಿ ಚೆನ್ನಾಗಿರುತ್ತದೆ, ಗಾಳಿ ಬರುತ್ತದೆ. ಆದರೆ ಮಳೆಯ ಎರಚಲು ಹೊಡೆದರೆ ನೆಲ ಚಂಡಿ. ಟೆರೇಸಿನ ಮೇಲೆ ಶೀಟ್ ಹಾಕಿಸಿದ ಮನೆಗಳಲ್ಲಿ ಜಾಗಕ್ಕೇನೂ ಬರವಿಲ್ಲ. ಜೋರು ಮಳೆ ಬಂದಾಗ ಮಾತ್ರ ಫೋನಿನಲ್ಲಿ ಹೇಳಿಕೊಡುವವರ ಒಂದು ಅಕ್ಷರವೂ ಕೇಳುವುದಿಲ್ಲ, ಏಪ್ರಿಲಿನಲ್ಲಿ ಶೀಟಿನ ಕಾವು ತಡೆಯಲಾಗುವುದಿಲ್ಲ. ಒಟ್ಟಿನಲ್ಲಿ ಚಾವಡಿಯ ಒಂದು ಮೂಲೆಯೇ ವರ್ಷಪೂರ್ತಿ ಸಿಗುವ ಜಾಗ.

ನೆಲ ಯಾವುದು ಅಂತಲೂ ನೋಡಿ. ಕಾವಿ ನೆಲವೂ ಟೈಲ್ಸೂ ಬೆವರು ಬಿದ್ದರೆ ಜಾರುತ್ತವೆ. ಮಳೆಗಾಲದಲ್ಲಿ ಕೆಲವು ದಿನ ಟೈಲ್ಸ್ ತಾನಾಗಿಯೇ ನೀರೊಡೆಯುತ್ತದೆ. ಆ ದಿನ ಮ್ಯಾಟ್ ಎಷ್ಟೇ ಒಳ್ಳೆಯದಿದ್ದರೂ ಅಡಿಯಿಂದ ಜಾರುತ್ತದೆ. ಮೊದಲು ಒಣ ಬಟ್ಟೆಯಲ್ಲಿ ನೆಲ ಒರೆಸಿ, ಫ್ಯಾನ್ ಹಾಕಿ, ಹತ್ತು ನಿಮಿಷ ಬಿಟ್ಟು ಹಾಸಿ.

ಮ್ಯಾಟ್: ಇದಕ್ಕೆ ದುಡ್ಡು ಹಾಕಿ

ಕೊಳ್ಳಲೇಬೇಕಾದ ವಸ್ತು ಒಂದೇ ಅಂದರೆ ಇದು. ಮನೆಯ ಓಲೆ ಚಾಪೆಯಲ್ಲಿ ಕೂರಬಹುದು, ಶವಾಸನ ಮಾಡಬಹುದು, ಪ್ರಾಣಾಯಾಮಕ್ಕೆ ಅದಕ್ಕಿಂತ ತಂಪಾದದ್ದು ಬೇರೆ ಇಲ್ಲ. ಆದರೆ ಕಾಲು ಅಗಲಿಸಿ ನಿಲ್ಲುವ ಆಸನಕ್ಕೆ ಓಲೆ ಚಾಪೆ, ಪ್ಲಾಸ್ಟಿಕ್ ಚಾಪೆ ಎರಡೂ ಬೇಡ. ಒಂದು ಕಾಲು ಬಡಗಿಗೆ ಹೋದರೆ ಇನ್ನೊಂದು ತೆಂಕಿಗೆ. ಜಮಖಾನವೂ ಟೈಲ್ಸಿನ ಮೇಲೆ ಹಾಗೆಯೇ.

ಉದ್ದ. ಸಾಮಾನ್ಯ ಮ್ಯಾಟ್ 68 ಇಂಚು ಉದ್ದ, 24 ಇಂಚು ಅಗಲ ಇರುತ್ತದೆ. 68 ಇಂಚು ಅಂದರೆ 5 ಅಡಿ 8 ಇಂಚು. ನಿಮ್ಮ ಎತ್ತರ ಅದಕ್ಕಿಂತ ಜಾಸ್ತಿ ಇದ್ದರೆ 72 ಇಂಚಿನದ್ದು ಕೇಳಿ. ಇಲ್ಲದಿದ್ದರೆ ಶವಾಸನದಲ್ಲಿ ಹಿಮ್ಮಡಿ ಯಾವಾಗಲೂ ತಣ್ಣನೆ ನೆಲದಲ್ಲಿ.

ದಪ್ಪ. ಇಲ್ಲೇ ಹೆಚ್ಚಿನವರು ಏಮಾರುವುದು. 10, 15 ಮಿಲಿಮೀಟರಿನ ಮೆತ್ತನೆ ಮ್ಯಾಟ್ ಅಂಗಡಿಯಲ್ಲಿ ಮುಟ್ಟಿದಾಗ ಹಿತವಾಗಿರುತ್ತದೆ. ಅವು ಹೆಚ್ಚಾಗಿ ಎನ್‌ಬಿಆರ್ ಎಂಬ ಕೃತಕ ರಬ್ಬರ್ ಫೋಮಿನವು. ಮಲಗಿ ಮಾಡುವ ವ್ಯಾಯಾಮಕ್ಕೆ ಅಡ್ಡಿಯಿಲ್ಲ. ಆದರೆ ವೃಕ್ಷಾಸನಕ್ಕೆ ನಿಂತರೆ ಪಾದ ಹೂತುಹೋಗುತ್ತದೆ, ಗಂಟು ಅಲುಗಾಡುತ್ತದೆ. ಕೈ ಊರಿ ಅಧೋಮುಖ ಶ್ವಾನಾಸನ ಮಾಡಿದರೆ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಯೋಗಕ್ಕೆ 4ರಿಂದ 6 ಮಿಲಿಮೀಟರ್ ಸಾಕು. ಮೊಣಕಾಲು ಊರುವಾಗ ನೋವಾದರೆ ಅಲ್ಲಿಗೆ ಮಾತ್ರ ಒಂದು ಮಡಚಿದ ಬಟ್ಟೆ ಇಡಿ. ಒಂದು ಮೊಣಕಾಲಿಗೋಸ್ಕರ ಇಡೀ ಮ್ಯಾಟ್ ದಪ್ಪ ಮಾಡುವುದು ಬೇಡ.

ಯಾವುದರಿಂದ ಮಾಡಿದ್ದು? ಪಿವಿಸಿ ಅಗ್ಗ, ತುಂಬಾ ಬಾಳುತ್ತದೆ, ತೊಳೆಯಬಹುದು. ಹೊಸತರಲ್ಲಿ ಅದರ ಮೇಲೆ ನುಣುಪು ಇರುತ್ತದೆ. ಸೋಪಿನ ತೆಳು ನೀರಿನಲ್ಲಿ ಒರೆಸಿ ಒಣಗಿಸಿ ಬಳಸಿದರೆ ನಾಲ್ಕಾರು ದಿನದಲ್ಲಿ ಹಿಡಿತ ಬರುತ್ತದೆ. ಟಿಪಿಇ (ರಬ್ಬರಿನ ಹಾಗಿರುವ ಪ್ಲಾಸ್ಟಿಕ್) ಹಗುರ, ವಾಸನೆ ಕಡಿಮೆ, ಆದರೆ ಉಗುರು ತಾಗಿದರೆ ಗಾಯ ಬೀಳುತ್ತದೆ. ನೈಸರ್ಗಿಕ ರಬ್ಬರಿನದ್ದಕ್ಕೆ ಹಿಡಿತ ಚೆನ್ನಾಗಿದೆ. ಭಾರ ಜಾಸ್ತಿ, ಬೆಲೆಯೂ ಜಾಸ್ತಿ. ಗುಡ್ಡೆ ತುಂಬಾ ರಬ್ಬರ್ ಇರುವ ಊರು ನಮ್ಮದು, ಆ ವಾಸನೆ ನಮಗೆ ಹೊಸತೇನೂ ಅಲ್ಲ. ಆದರೂ ಕೋಣೆಯೊಳಗೆ ಕಟ್ಟಿಹಾಕಿದರೆ ತಲೆನೋವು ಬರುವವರಿದ್ದಾರೆ. ರಬ್ಬರ್ ಗ್ಲೌಸ್ ಹಾಕಿದರೆ ತುರಿಸುವವರು ಅದನ್ನು ಕೊಳ್ಳಬೇಡಿ, ಲೇಟೆಕ್ಸ್ ಅಲರ್ಜಿ ಇರಬಹುದು.

ಕಾಸರಗೋಡು ಪೇಟೆಯಲ್ಲೋ ಮಂಗಳೂರಿನಲ್ಲೋ ಅಂಗಡಿಗೆ ಹೋಗಿ ಕೊಳ್ಳುವುದಾದರೆ ಹೀಗೆ ನೋಡಿ. ಮ್ಯಾಟನ್ನು ನೆಲದಲ್ಲಿ ಬಿಡಿಸಿ. ಸುರುಳಿಯಾಗಿ ಪುನಃ ಮೇಲೇಳುತ್ತದೆಯಾ? ಸ್ವಲ್ಪ ಎದ್ದರೆ ಪರವಾಗಿಲ್ಲ, ಎರಡು ದಿನ ಉಲ್ಟಾ ಸುತ್ತಿಟ್ಟರೆ ಸರಿಯಾಗುತ್ತದೆ. ಅಂಗೈ ಸ್ವಲ್ಪ ಒದ್ದೆ ಮಾಡಿ, ಮ್ಯಾಟಿನ ಮೇಲೆ ಊರಿ ಮುಂದಕ್ಕೆ ತಳ್ಳಿ. ಒಣ ಕೈ ಜಾರದೆ ಒದ್ದೆ ಕೈ ಜಾರಿದರೆ ಅದು ನಮ್ಮ ಹವೆಗೆ ಆಗದು. ಹೆಬ್ಬೆರಳಿನಿಂದ ಒತ್ತಿ ಬಿಡಿ. ಕುಳಿ ಕೂಡಲೇ ತುಂಬಬೇಕು. ಅಂಗಡಿಯವರು ಮಲಯಾಳದಲ್ಲಿ ಏನಾದರೂ ಗೊಣಗಿಕೊಳ್ಳಬಹುದು, ಗೊಣಗಲಿ.

ಎಷ್ಟು ಒಳ್ಳೆಯ ಮ್ಯಾಟ್ ತಂದರೂ ಮಾರ್ಚಿಯಿಂದ ಮೇ ತನಕ ಬೆವರು ನಿಲ್ಲುವುದಿಲ್ಲ. ಅದಕ್ಕೆ ಉಪಾಯ ಮನೆಯಲ್ಲೇ ಇದೆ. ತೆಳು ಹತ್ತಿಯ ಬೈರಾಸನ್ನು ಸ್ವಲ್ಪ ನೀರು ಚಿಮುಕಿಸಿ ಮ್ಯಾಟಿನ ಮೇಲೆ, ಕೈ ಊರುವ ಕಡೆ ಹಾಸಿ. ಒಣ ಬಟ್ಟೆಗಿಂತ ಲಘುವಾಗಿ ಒದ್ದೆಯಾದ ಬಟ್ಟೆಯೇ ಹೆಚ್ಚು ಹಿಡಿಯುತ್ತದೆ. ಆಮೇಲೆ ಅದನ್ನು ಒಗೆದು ಹಾಕಿದರಾಯಿತು, ಮ್ಯಾಟಿಗೆ ಬೆವರಿನ ವಾಸನೆಯೂ ಹಿಡಿಯುವುದಿಲ್ಲ.

ಇಟ್ಟಿಗೆ: ಆಚಾರಿಯವರ ಹತ್ತಿರ ಮಾಡಿಸಿ

ಆಸನಕ್ಕೆ ಸಾಮಾನಿನ ಆಸರೆ ಕೊಡುವ ಪದ್ಧತಿಯನ್ನು ಜಗತ್ತಿಗೆಲ್ಲ ಹಬ್ಬಿಸಿದವರು ಯೋಗ ಗುರು ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದವರು. ಅವರು ಬಳಸಿಕೊಂಡದ್ದು ಇಟ್ಟಿಗೆ, ಕುರ್ಚಿ, ಕಂಬಳಿ, ಹಗ್ಗದಂಥ ಕೈಗೆ ಸಿಕ್ಕ ವಸ್ತುಗಳನ್ನೇ. ಈಗ ಅಂಗಡಿಯಲ್ಲಿ ಸಿಗುವ ಬ್ಲಾಕಿನ ಮೂಲವೂ ಅದೇ.

ಅಂಗಡಿಯ ಬ್ಲಾಕ್ ಸಾಮಾನ್ಯವಾಗಿ 9 ಇಂಚು ಉದ್ದ, 6 ಇಂಚು ಅಗಲ, 3 ಅಥವಾ 4 ಇಂಚು ದಪ್ಪ. ಫೋಮಿನದ್ದು ಹಗುರ, ತಲೆ ಕೆಳಗೆ, ಬೆನ್ನ ಕೆಳಗೆ ಇಡಲು ಹಿತ. ಆದರೆ ಅಗ್ಗದ ಫೋಮ್ ಮೇಲೆ ಭಾರ ಹಾಕಿ ನಿಂತರೆ ಓಲಾಡುತ್ತದೆ. ಕಾರ್ಕಿನದ್ದು ಗಟ್ಟಿ, ಬೆವರು ಕೈಗೂ ಜಾರದು. ಆದರೆ ಹತ್ತಿರದಲ್ಲಿ ಮರಗೆಲಸದವರಿದ್ದರೆ ನಾನಂತೂ ಮರದ್ದೇ ಹೇಳುವುದು. ಹಲಸಿನ ಹಳೆ ಹಲಗೆ, ದಾರಂದದ ತುಂಡು ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಸುಮ್ನೆ ಬಿದ್ದಿರುತ್ತವೆ.

ಅಳತೆ 9 × 4.5 × 3 ಇಂಚು ಅಂತ ಹೇಳಿ. ಮಲಗಿಸಿದರೆ 3, ಮಗ್ಗುಲಿಗೆ ಇಟ್ಟರೆ 4.5, ನಿಲ್ಲಿಸಿದರೆ 9. ಹೀಗೆ ಒಂದೇ ತುಂಡಿನಲ್ಲಿ ಮೂರು ಎತ್ತರ ಸಿಗುತ್ತದೆ. ಹಲಸಿನ ಮರದಲ್ಲಿ ಈ ಅಳತೆಯದ್ದು ಒಂದೊಂದು ಸುಮಾರು ಒಂದೂಕಾಲು ಕಿಲೋ ತೂಗುತ್ತದೆ. ಅಂಗಡಿಯ ದೊಡ್ಡ ಅಳತೆಯಲ್ಲೇ ಮಾಡಿಸಿದರೆ ಎರಡು ಕಿಲೋ ದಾಟುತ್ತದೆ, ಕಾಲ ಮೇಲೆ ಬಿದ್ದರೆ ಕಥೆ ಮುಗಿಯಿತು.

ಆಚಾರಿಯವರಿಗೆ ನಾಲ್ಕು ಮಾತು ಮೊದಲೇ ಹೇಳಬೇಕು. ತಿರುಳಿನ ಮರ ಮಾತ್ರ ಬೇಕು, ಅಂಚಿನ ಬಿಳಿ ಭಾಗ ಬೇಡ, ಅದಕ್ಕೆ ಹುಳ ಬೇಗ ಹಿಡಿಯುತ್ತದೆ. ಎಲ್ಲ ಅಂಚು, ಮೂಲೆ ಉರುಟಾಗಿರಬೇಕು. ಮರಳು ಕಾಗದ ಹಾಕಿ ಉಜ್ಜಲಿ, ಪಾಲಿಶ್ ಬೇಡ. ನಮ್ಮಲ್ಲಿ ಏನು ಮಾಡಿಸಿದರೂ ಕೊನೆಗೆ ವಾರ್ನಿಶ್ ಹೊಡೆದು ಹೊಳೆಯುವಂತೆ ಮಾಡಿ ಕೊಡುತ್ತಾರೆ, ಬೆವರು ಕೈಗೆ ಅದು ಜಾರುತ್ತದೆ. ಮತ್ತೆ, ಎರಡೂ ಒಂದೇ ಅಳತೆ ಇರಬೇಕು. ಮನೆಗೆ ತಂದ ಮೇಲೆ ಎರಡನ್ನೂ ಒತ್ತಿಗೆ ಇಟ್ಟು ಮೇಲೆ ಅಂಗೈ ಸವರಿ. ನಡುವೆ ಮೆಟ್ಟಿಲು ಕೈಗೆ ಸಿಕ್ಕಿದರೆ ವಾಪಸ್ ಕೊಡಿ. ಒಂದೊಂದು ಮೂಲೆ ಒತ್ತಿ ನೋಡಿ, ಟಕಟಕ ಅಂದರೂ ವಾಪಸ್.

ನಿಜವಾದ ಇಟ್ಟಿಗೆ, ಕೆಂಪುಕಲ್ಲಿನ ತುಂಡು ಬೇಡ. ಹುಡಿ ಉದುರುತ್ತದೆ, ಅಂಚು ಒಡೆಯುತ್ತದೆ, ಚರ್ಮ ಕೀಳುತ್ತದೆ. ಪುಸ್ತಕ ಪೇರಿಸಿ ಮೇಲೆ ಕೈ ಊರುವುದೂ ಬೇಡ, ಮೇಲಿನ ಪುಸ್ತಕ ಜಾರುತ್ತದೆ.

ಬೆಲ್ಟ್, ಕಂಬಳಿ, ಕುರ್ಚಿ

ಬೆಲ್ಟಿಗೆ ಬೇಕಾದ ಗುಣ ಒಂದೇ. ಎಳೆದರೆ ಹಿಗ್ಗಬಾರದು. ಒಂದೂವರೆ ಇಂಚು ಅಗಲದ ಹತ್ತಿಯ ಪಟ್ಟಿ, 6 ಅಡಿ ಉದ್ದ. ಎತ್ತರದವರಿಗೆ 8 ಅಡಿ. ಮಲಗಿ ಕಾಲು ಎತ್ತಿ ಪಾದಕ್ಕೆ ಸಿಕ್ಕಿಸಿ ಹಿಡಿಯುವುದಕ್ಕೆ ಮಾತ್ರ ಆದರೆ, ಉದ್ದಕ್ಕೆ ಮಡಚಿದ ಹಳೆ ಮುಂಡು ಸಾಕು. ಕುಣಿಕೆ ಮಾಡಿ ಬಿಗಿಯಬೇಕು ಅಂತಿದ್ದರೆ ಹಳೆ ಹತ್ತಿ ಸೀರೆಯ ಪಟ್ಟಿಯನ್ನು ಎರಡು ಪದರ ಮಾಡಿ ಹೊಲಿಸಿ, ಸ್ಕೂಲ್ ಬ್ಯಾಗ್ ರಿಪೇರಿ ಮಾಡುವವರಲ್ಲಿ ಒಂದು ತುದಿಗೆ ಎರಡು ರಿಂಗು ಹಾಕಿಸಿ. ನೈಲಾನ್ ಪಟ್ಟಿ ಜಾರುತ್ತದೆ, ಚೂಡಿದಾರಿನ ಶಾಲು ಹಿಗ್ಗುತ್ತದೆ, ತೆಂಗಿನ ನಾರಿನ ಹಗ್ಗ ಅಂಗೈ ಸುಲಿಯುತ್ತದೆ.

ಕಂಬಳಿ ಎರಡು ಮೂರು ಇದ್ದರೆ ಅರ್ಧ ಅಂಗಡಿಯೇ ಮನೆಯಲ್ಲಿದ್ದ ಹಾಗೆ. ಮಡಚಿದರೆ ಆಸನ, ಸುತ್ತಿದರೆ ದಿಂಬು, ಬಿಡಿಸಿದರೆ ಹೊದಿಕೆ. ಆದರೆ ಮಿಂಕ್ ಅಂತ ಮಾರುವ ನುಣುಪು ಕಂಬಳಿ ಬೇಡ, ಕೂತ ಕೂಡಲೇ ಕುಸಿಯುತ್ತದೆ, ಮಡಿಕೆ ಜಾರುತ್ತದೆ. ಒರಟು ಹತ್ತಿಯದ್ದೇ ಒಳ್ಳೆಯದು. ಬೋಲ್ಸ್ಟರ್ ಎಂಬ ಉದ್ದ ದಿಂಬನ್ನು ನಮ್ಮ ಕಡೆ ಕೊಳ್ಳುವ ಮೊದಲು ಎರಡು ಸಲ ಯೋಚಿಸಿ. ಒಳಗಿನ ಹತ್ತಿ ಪಸೆ ಎಳೆದುಕೊಂಡರೆ ಮಳೆಗಾಲದಲ್ಲಿ ಒಣಗಿಸಲು ದಾರಿಯಿಲ್ಲ. ಎರಡು ಕಂಬಳಿಯನ್ನು ಒಟ್ಟಿಗೆ ಬಿಗಿಯಾಗಿ ಸುತ್ತಿ, ಮೂರು ಕಡೆ ಪಟ್ಟಿಯಿಂದ ಕಟ್ಟಿದರೆ ಅದೇ ಬೋಲ್ಸ್ಟರ್. ಒದ್ದೆಯಾದರೆ ಬಿಚ್ಚಿ ಒಣಗಿಸಬಹುದು. ಕೊಳ್ಳುವುದೇ ಆದರೆ ಹೊರಗಿನ ಬಟ್ಟೆಗೆ ಜಿಪ್ ಇದೆಯಾ ನೋಡಿ.

ಕುರ್ಚಿ ಹಿರಿಯರಿಗೆ ತುಂಬಾ ಬೇಕಾದ್ದು. ಪ್ರತಿ ಮನೆಯಲ್ಲೂ ಬಿಳಿ ಪ್ಲಾಸ್ಟಿಕ್ ಕುರ್ಚಿ ಇದೆ, ಅಲ್ವಾ? ಕೂತು ಕೈ ಕಾಲು ಆಡಿಸಲು ಅದು ಆದೀತು. ಆದರೆ ಅದರ ಬೆನ್ನು ಹಿಡಿದು ಒಂದು ಕಾಲಲ್ಲಿ ನಿಲ್ಲಬೇಡಿ. ಹಗುರ, ಮಗುಚುತ್ತದೆ. ಟೈಲ್ಸಿನಲ್ಲಿ ಕಾಲು ಅಗಲಿಸಿಕೊಳ್ಳುತ್ತದೆ. ಭಾರದ ಮರದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಟ್ಟುಕೊಳ್ಳಿ. ಕೂರುವ ಎತ್ತರ 17 ಇಂಚು ಆಸುಪಾಸು ಇರಲಿ. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ತಾಗದಿದ್ದರೆ ಕೆಳಗೆ ಮಣೆ ಇಡಿ. ಮಡಚುವ ಸ್ಟೀಲ್ ಕುರ್ಚಿಯಾದರೆ ನಾಲ್ಕೂ ಕಾಲಿನ ರಬ್ಬರ್ ಬುಷ್ ಇದೆಯಾ ನೋಡಿ. ಒಂದು ಹೋಗಿದ್ದರೂ ಹೊಸತು ಹಾಕಿಸಿದ ಮೇಲೆಯೇ ಬಳಸಿ.

ಕುರ್ಚಿಯ ಮೇಲೆ ಸರ್ವಾಂಗಾಸನ, ಗೋಡೆಗೆ ಹಗ್ಗ ಕಟ್ಟಿ ತಲೆಕೆಳಗೆ ನೇತಾಡುವುದು ಇತ್ಯಾದಿ ವೀಡಿಯೊ ನೋಡಿ ಕಲಿಯುವ ವಿದ್ಯೆಯಲ್ಲ. ಗುರುಗಳು ಎದುರಿಗೆ ಇರಬೇಕು.

ಬಲಕ್ಕೆ ಬ್ಯಾಂಡ್, ಬಾಟಲಿ, ಕೋಲು

ಡಂಬೆಲ್ ತರುವ ಮೊದಲು ನೀರಿನ ಬಾಟಲಿಯಲ್ಲಿ ಶುರು ಮಾಡಿ. ಒಂದು ಲೀಟರ್ ನೀರು ಒಂದು ಕಿಲೋ. ಅದೇ ಬಾಟಲಿಗೆ ಒಣ ಹೊಯಿಗೆ (ಮರಳು) ತುಂಬಿದರೆ ಸುಮಾರು ಒಂದೂವರೆ ಕಿಲೋ ಆಗುತ್ತದೆ. ಹತ್ತು ಹನ್ನೆರಡು ಸಲ ಎತ್ತಿದಾಗ ಕೊನೆಯ ಎರಡು ಕಷ್ಟವಾಗಬೇಕು, ಆದರೆ ಬೆನ್ನು ಬಾಗಬಾರದು. ಅದು ನೀವು ಎತ್ತಬೇಕಾದ ತೂಕ. ಬಾಟಲಿ ಸಾಲದಾದ ಮೇಲೆ ಡಂಬೆಲ್ ಕೊಳ್ಳಿ. ಸಮುದ್ರದ ಗಾಳಿಗೆ ಬರಿ ಕಬ್ಬಿಣ ನಿಲ್ಲುವುದಿಲ್ಲ, ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೂರ್ತಿ ರಬ್ಬರ್ ಹೊದಿಸಿದ, ಆರು ಮೂಲೆಯ ತಲೆ ಇರುವುದು ಒಳ್ಳೆಯದು. ಉರುಳಿ ಹೋಗುವುದಿಲ್ಲ.

ಎಳೆದರೆ ಹಿಗ್ಗುವ ರಬ್ಬರಿನ ರೆಸಿಸ್ಟೆನ್ಸ್ ಬ್ಯಾಂಡ್ ಚಿಕ್ಕ ಮನೆಗೆ ತುಂಬಾ ಒಳ್ಳೆಯದು, ಮಡಚಿದರೆ ಮುಷ್ಟಿಯಲ್ಲಿ ಹಿಡಿಯುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ. ಒಂದು ಕಂಪನಿಯ ಹಸಿರು ಇನ್ನೊಂದು ಕಂಪನಿಯ ಕೆಂಪಿಗೆ ಸಮ ಇರಬಹುದು. ಕವರಿನ ಮೇಲೆ ಬರೆದ ಕಿಲೋ ನೋಡಿ, ಹಗುರದ್ದು ಒಂದು, ಮಧ್ಯಮ ಒಂದು ತೆಗೆದುಕೊಳ್ಳಿ. ತನ್ನ ಉದ್ದದ ಎರಡೂವರೆ ಪಟ್ಟಿಗಿಂತ ಜಾಸ್ತಿ ಎಳೆಯಬೇಡಿ. ಮುಖದ ನೇರಕ್ಕಂತೂ ಎಳೆಯಲೇಬೇಡಿ, ತುಂಡಾದರೆ ಕಣ್ಣಿಗೇ ಬಡಿಯುತ್ತದೆ. ಬಾಗಿಲಿಗೆ ಸಿಕ್ಕಿಸುವುದಾದರೆ ನೀವು ಎಳೆದಷ್ಟೂ ಬಾಗಿಲು ಇನ್ನೂ ಬಿಗಿಯಾಗಿ ಮುಚ್ಚುವ ಕಡೆಗೆ ನಿಲ್ಲಿ, ಚಿಲಕ ಹಾಕಿ.

ಇನ್ನೊಂದು ನಮ್ಮೂರಿನದ್ದೇ ತೊಂದರೆ. ಮೈಗೆ ತೆಂಗಿನೆಣ್ಣೆ ಹಚ್ಚಿ ಹಾಗೇ ವ್ಯಾಯಾಮಕ್ಕೆ ಇಳಿಯುವವರು ಬಹಳ. ಎಣ್ಣೆ ತಾಗಿದರೆ ರಬ್ಬರ್ ಹಾಳು. ಬ್ಯಾಂಡ್ ಅಂಟಂಟಾಗಿ ಸೀಳುತ್ತದೆ, ರಬ್ಬರ್ ಮ್ಯಾಟಿನ ಹಿಡಿತ ಹೋಗುತ್ತದೆ, ಮತ್ತೆ ಕಾಲು ಜಾರುವುದು ಬೇರೆ. ವ್ಯಾಯಾಮ ಮೊದಲು, ಎಣ್ಣೆ ಸ್ನಾನ ಆಮೇಲೆ.

ಭುಜಕ್ಕೆ ಕೋಲು ಅಂತ ಮೊದಲೇ ಹೇಳಿದೆ. ನಾಲ್ಕೂವರೆ ಅಡಿ ಉದ್ದದ, ಗಂಟು ಕೆತ್ತಿ ನಯ ಮಾಡಿದ ಬಿದಿರು ಸಾಕು. ಅಡಿಕೆ ಮರದ ಸಲಾಕೆ ಬೇಡ, ಸಿಬಿರು ಏಳುತ್ತದೆ, ಅಂಗೈಗೆ ಹೊಕ್ಕರೆ ತೆಗೆಯುವುದು ಕಷ್ಟ.

ಸ್ಕಿಪ್ಪಿಂಗ್ ಹಗ್ಗದ ಅಳತೆಗೆ, ನಡುವೆ ಕಾಲಿಟ್ಟು ಎರಡೂ ಹಿಡಿ ಮೇಲೆತ್ತಿ. ಕಂಕುಳಿನ ತನಕ ಬಂದರೆ ಸರಿ. ಟೈಲ್ಸ್ ಮೇಲೆ ಹಾರಬೇಡಿ. ಅಂಗಳದಲ್ಲಿ ಹಾರೋಣ ಅಂದರೆ ಬೇಸಿಗೆ ತನಕ ಅಲ್ಲಿ ಅಡಿಕೆ ಹರಡಿರುತ್ತದೆ, ಮತ್ತೆ ಮಳೆ. ಮೊಣಕಾಲು ನೋವಿದ್ದವರಿಗೆ ಹೇಗೂ ಬೇಡ.

ದೊಡ್ಡ ಸಾಮಾನು

ಜಿಮ್ ಬಾಲ್ ಕೊಳ್ಳುವುದಾದರೆ 5 ಅಡಿ 5 ಇಂಚಿನವರೆಗಿನವರಿಗೆ 55 ಸೆಂಟಿಮೀಟರ್, ಅದಕ್ಕಿಂತ ಎತ್ತರದವರಿಗೆ 65. ಕೂತಾಗ ತೊಡೆ ನೆಲಕ್ಕೆ ಸಮ ಬರಬೇಕು. ತಟ್ಟನೆ ಒಡೆಯದ ಬಗೆಯದ್ದೇ ಆಗಲಿ. ಟ್ರೆಡ್‌ಮಿಲ್ಲಿಗೆ ಹಿಂದುಗಡೆ ಆರಡಿ ಖಾಲಿ ಬೇಕು, ಗುಡುಗು ಮಿಂಚಿನ ಕಾಲದಲ್ಲಿ ಪ್ಲಗ್ ತೆಗೆಯುವ ಅಭ್ಯಾಸ ಬೇಕು. ಇವೆರಡೂ ಇಲ್ಲದಿದ್ದರೆ ಅದು ಮಳೆಗಾಲದಲ್ಲಿ ಒದ್ದೆ ಬಟ್ಟೆ ಹರವುವ ಸ್ಟ್ಯಾಂಡ್. ಬಾಗಿಲಿಗೆ ಸಿಕ್ಕಿಸಿ ನೇತಾಡುವ ಪುಲ್ ಅಪ್ ಬಾರನ್ನು ಗೆದ್ದಲು ಹಿಡಿದ ಹಳೆ ದಾರಂದಕ್ಕೆ ಹಾಕಬೇಡಿ. ಹೊಟ್ಟೆ ಕರಗಿಸುವ ಬೆವರಿನ ಬೆಲ್ಟ್ ಅಂತ ಒಂದಿದೆ. ಅದರಿಂದ ಹೋಗುವುದು ನೀರು ಮಾತ್ರ. ಬೆವರಲು ಕಾಸರಗೋಡಿನವರು ದುಡ್ಡು ಕೊಡಬೇಕಾ?

ಮಳೆಗಾಲದಲ್ಲಿ ಕಾಪಾಡುವುದು

ಮ್ಯಾಟನ್ನು ಬಳಸಿದ ಕೂಡಲೇ ಸುತ್ತಿಡಬೇಡಿ. ಬೆವರು ಒಳಗೆ ಸಿಕ್ಕಿಕೊಂಡರೆ ಮೂರನೇ ದಿನಕ್ಕೆ ಕಪ್ಪು ಚುಕ್ಕಿ. ಒರೆಸಿ, ಒಳಗಿನ ಅಸೆಗೆ (ಬಟ್ಟೆ ಹರವುವ ಹಗ್ಗಕ್ಕೆ) ನೇತುಹಾಕಿ ಫ್ಯಾನ್ ಹಾಕಿ. ಒಣಗಿದ ಮೇಲೆ ಸುತ್ತಿ ನಿಲ್ಲಿಸಿ, ನೆಲಕ್ಕೂ ಗೋಡೆಗೂ ತಾಗದ ಹಾಗೆ ಇಡಿ. ಬೂಷ್ಟು ಕಂಡರೆ ಸೋಪು ನೀರಲ್ಲಿ ಒರೆಸಿ, ಆಮೇಲೆ ಬರಿ ನೀರಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ಬಿಡಿ.

ಬಿಸಿಲು ಕಂಡ ಕೂಡಲೇ ಎಲ್ಲವನ್ನೂ ಅಂಗಳಕ್ಕೆ ಹಾಕುವುದು ನಮ್ಮ ಅಭ್ಯಾಸ. ಕಂಬಳಿಗೆ ಅದು ಒಳ್ಳೆಯದು. ರಬ್ಬರ್ ಮ್ಯಾಟ್, ಬ್ಯಾಂಡ್ ಮಾತ್ರ ಬಿಸಿಲಿಗೆ ಇಡಬೇಡಿ, ಬಿರುಕು ಬಿಡುತ್ತವೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನೊಳಗೆ ಇಡುವುದಂತೂ ಬೇಡವೇ ಬೇಡ, ಅಲ್ಲಿನ ಕಾವಿಗೆ ಅಂಟು ಬಿಡುತ್ತದೆ. ಬ್ಯಾಂಡುಗಳಿಗೆ ಸ್ವಲ್ಪ ಪೌಡರ್ ಸವರಿ ಡಬ್ಬಿಯಲ್ಲಿಡಿ. ಪ್ರತಿ ಸಲ ಬಳಸುವ ಮೊದಲು ಎರಡು ಕೈಯಲ್ಲಿ ಬಾಗಿಸಿ ನೋಡಿ. ಬಿಳಿ ಗೆರೆ, ಸಣ್ಣ ಹರುಕು ಕಂಡರೆ ಎಸೆಯಿರಿ, ಗಂಟು ಹಾಕಿ ಮುಂದುವರಿಸಬೇಡಿ. ಮರದ ಇಟ್ಟಿಗೆಯನ್ನು ನೆಲದಲ್ಲಿ ಬಿಟ್ಟರೆ ಗೆದ್ದಲಿನ ಪಾಲಾಗುತ್ತದೆ, ಶೆಲ್ಫಿನಲ್ಲಿಡಿ.

ಯಾರಿಗೆ ಯಾವುದು ಮೊದಲು

ಅರವತ್ತು ದಾಟಿದವರಿಗೆ ಗೋಡೆ, ಭಾರದ ಕುರ್ಚಿ, ಹಗುರ ಬ್ಯಾಂಡ್. ಅವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನದ ಅಭ್ಯಾಸ ಬೇಕು, ಅದಕ್ಕೆ ಕುರ್ಚಿಯ ಹಿಂದೆ ನಿಂತರಾಯಿತು. ತೋಟ, ಅಡಿಕೆ ಕೆಲಸದವರಿಗೆ ಕೋಲು, ಕಂಬಳಿ ಸುರುಳಿ, ಮ್ಯಾಟ್. ದಿನವಿಡೀ ಕಂಪ್ಯೂಟರ್ ಎದುರು ಕೂರುವವರಿಗೆ, ಮಂಗಳೂರಿಗೆ ರೈಲಲ್ಲಿ ಹೋಗಿ ಬರುವವರಿಗೆ ಮ್ಯಾಟ್, ಬೆಲ್ಟ್, ಮಧ್ಯಮ ಬ್ಯಾಂಡ್. ಹೊಸತಾಗಿ ಯೋಗ ಕಲಿಯುವ ಮಕ್ಕಳಿಗೆ ಮ್ಯಾಟ್ ಬಿಟ್ಟು ಬೇರೇನೂ ಬೇಡ.

ಆನ್‌ಲೈನಿನಲ್ಲಿ ತರಿಸಿದರೆ ಪಾರ್ಸೆಲ್ ಬಂದ ದಿನವೇ ಬಿಚ್ಚಿ. ಟೇಪ್ ಹಿಡಿದು ಉದ್ದ, ಅಗಲ ಅಳೆಯಿರಿ, ಒದ್ದೆ ಕೈಯ ಪರೀಕ್ಷೆ ಮಾಡಿ, ವಾಸನೆ ನೋಡಿ. ಕವರ್, ಬಿಲ್ಲು ಎರಡನ್ನೂ ವಾಪಸ್ ಕೊಡುವ ಗಡುವು ಮುಗಿಯುವ ತನಕ ಎತ್ತಿಡಿ. ಮಳೆಯಲ್ಲಿ ಡೆಲಿವರಿ ತಡವಾಗುತ್ತದೆ, ಹಾಗಂತ ಗಡುವು ಯಾರೂ ಮುಂದೆ ಹಾಕಿ ಕೊಡುವುದಿಲ್ಲ.